ಹತ್ತು ಸೀಸೆ

ಮಾರ್ಚ್ ಮೂವತ್ತೊಂದರ ರಾತ್ರಿ, ಜಾವಗಲ್ಲಿನ ನಮ್ಮ ಆಸ್ಪತ್ರೆಯಲ್ಲಿ
ಮಲಗಿರುವವರು ಇಬ್ಬರೇ.
ಇಪ್ಪತ್ತು ಹಾಸಿಗೆ. ಹದಿನೆಂಟರ ಚಾದರಕ್ಕೆ ಸುಕ್ಕಿಲ್ಲ.
ಸುಕ್ಕಿಲ್ಲದ ಚಾದರಕ್ಕೂ ದೋಬಿ ಖರ್ಚು ಇದೆ.
ಹೆರಿಗೆಗೆ ಈಗ ಎಲ್ಲರೂ ಹಾಸನ, ಅರಸೀಕೆರೆ;
ಯಾರೂ ಹೆರದ ರಾತ್ರಿಗೂ ರೆಜಿನಾ ಸಿಸ್ಟರ್ ಎಚ್ಚರ ಇರಬೇಕು,
ಎಚ್ಚರಕ್ಕೆ ಸಂಬಳ.
ಕರೆಂಟು ಹೋದರೆ ಇಬ್ಬರಿಗೂ ಅಷ್ಟೇ ಡೀಸೆಲ್, ಇಪ್ಪತ್ತಕ್ಕೂ ಅಷ್ಟೇ.
ಇದನ್ನೆಲ್ಲ ಟ್ರಸ್ಟಿನವರಿಗೆ ಹೇಗೆ ಬರೆಯಲಿ?
ಅಂಗಡಿಯಾದರೆ ಗಿರಾಕಿ ಇಲ್ಲದ ದಿನ
ಬಾಗಿಲೆಳೆದು ಊಟಕ್ಕೆ ಹೋಗಬಹುದಿತ್ತು.

ನಾನು ರೈಟರ್ ಶಾಂತವೀರಪ್ಪ. ಇಪ್ಪತ್ತಾರು ವರ್ಷದಿಂದ
ಈ ಕೆಂಪು ರಟ್ಟಿನ ಪುಸ್ತಕಕ್ಕೆ ಗೆರೆ ಹೊಡೆಯುತ್ತಿದ್ದೇನೆ.
ಮೊದಮೊದಲು ಜಮೆಯ ಕಾಲಂನಲ್ಲಿ ತೆಂಗಿನಕಾಯಿ ಬರೆದದ್ದುಂಟು,
ಹೆರಿಗೆಗೆ ಮೂವತ್ತು ಕಾಯಿ, ಮೂಳೆ ಕಟ್ಟಿದ್ದಕ್ಕೆ ಅರ್ಧ ಮೂಟೆ ರಾಗಿ.
ಈಗ ಕಾರ್ಡು ಬಂದಿದೆ. ಒಳ್ಳೆಯದೇ,
ಬಡವರು ಜೇಬು ಮುಟ್ಟಿಕೊಳ್ಳದೆ ಬರುತ್ತಾರೆ.
ನಾವು ಕಾಯುತ್ತೇವೆ.
ಜೂನಿನ ಹರ್ನಿಯಾದ್ದು ಜನವರಿಯಲ್ಲಿ ಬಂತು,
ಹಣವಲ್ಲ, ಅರ್ಜಿಯೇ ವಾಪಸ್ಸು:
ಫೋಟೋದಲ್ಲಿ ರೋಗಿಯ ಮುಖ ಸ್ಪಷ್ಟವಿಲ್ಲವಂತೆ.
ಅರಿವಳಿಕೆಯಲ್ಲಿದ್ದ ಮುದುಕ ಇನ್ನೆಷ್ಟು ಸ್ಪಷ್ಟ ಇರಬೇಕಿತ್ತು?

ಅದಿರಲಿ. ನಾನು ಹೇಳಹೊರಟದ್ದು ಸೀಸೆಗಳ ಮಾತು.

ಮುಂಗಾರಿಗೆ ಮೊದಲು ಡಾಕ್ಟರ್ ಸುಗಂಧಿ
ಹಾವಿನ ವಿಷಕ್ಕೆಂದು ಹತ್ತು ಸೀಸೆ ತರಿಸಿಡುತ್ತಿದ್ದರು.
ಫ್ರಿಡ್ಜಿನ ಮೇಲಿನ ತಟ್ಟೆಯಲ್ಲಿ ಅವು
ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಸದ್ದಿಲ್ಲದೆ ಇರುತ್ತಿದ್ದವು.
ಯಾರಿಗೂ ಕಚ್ಚದಿದ್ದರೆ ಅವಧಿ ಮುಗಿಯುವುದು,
‘ವ್ಯರ್ಥ’ ಎಂಬ ಕಾಲಂಗೆ ಹತ್ತು ಎಂದು ಇಳಿಸುವುದು,
ಮತ್ತೆ ಹತ್ತು ತರಿಸುವುದು.

ಕಳೆದ ಮೇ ತಿಂಗಳಲ್ಲಿ ನಾನೇ ಬಾಯಿಬಿಟ್ಟೆ: ಮೇಡಂ, ಈ ಸಲ ಬೇಡ.
ಅವರು ಬಹಳ ಹೊತ್ತು ಸ್ಟೆತಾಸ್ಕೋಪಿನ ಕೊಳವೆ
ಬೆರಳಿಗೆ ಸುತ್ತಿದರು, ಬಿಚ್ಚಿದರು.
ಸಿಸ್ಟರಿಗೆ ಎರಡು ತಿಂಗಳ ಬಾಕಿ ಇದ್ದದ್ದು ಅವರಿಗೂ ಗೊತ್ತು.
ಸರಿ, ಹೊಡೆದುಹಾಕಿ ಅಂದರು.
ಸ್ಕೇಲಿಟ್ಟು ಎಳೆದೆ. ನೇರ ಗೆರೆ.

ಆ ಮಳೆಗಾಲ ಪೂರ್ತಿ, ಆಸ್ಪತ್ರೆ ಹಿಂದಿನ ನನ್ನ ಮನೆಯಲ್ಲಿ
ರಾತ್ರಿ ಆಟೋ ಸದ್ದಾದರೆ ಎದ್ದು ಕೂರುತ್ತಿದ್ದೆ.
ಹೆಂಡತಿ ಅಜೀರ್ಣವೆಂದುಕೊಂಡು ಓಮದ ನೀರು ಕೊಟ್ಟಳು. ಕುಡಿದೆ.
ಜೂನ್, ಜುಲೈ, ಆಗಸ್ಟ್. ಒಬ್ಬರೂ ಬರಲಿಲ್ಲ.
ಸೆಪ್ಟೆಂಬರಿನ ಸಭೆಯಲ್ಲಿ ಓದಿದೆ: ಉಳಿತಾಯ, ಹತ್ತು ಸೀಸೆ.
ಅಧ್ಯಕ್ಷರು ಮೇಜು ತಟ್ಟಿದರು.
ನನ್ನ ಲೆಕ್ಕ ಸರಿಯಾಗಿತ್ತು. ಒಂದು ಬೋಂಡ ಜಾಸ್ತಿ ತಿಂದೆ.

ದೀಪಾವಳಿ ಕಳೆದ ಮೇಲೆ ಆಟೋ ನೂರುಲ್ಲಾ
ಟೀ ಆರಿಸಿಕೊಳ್ಳುತ್ತ ಯಾವುದೋ ಮಾತಿಗೆ ಅಂದ:
ಆಲೂಗೆಡ್ಡೆ ಕೀಳೋವಾಗ ನಮ್ಮ ಗಂಗಮಾಳಮ್ಮಂಗೆ
ಕೊಳಕುಮಂಡಲ ಕಚ್ತಲ್ಲ ಸಾರ್, ಕೈಗೇ,
ನಿಮ್ಮ ಗೇಟ್ ಮುಂದೇನೇ ಬಂದ್ವಿ. ಬೋರ್ಡಿನ ಲೈಟ್ ಉರೀತಿತ್ತು.
ನಿಲ್ಸಣ್ಣ ಅಂದ್ಲು ಅವಳ ಮಗಳು.
ಈ ವರ್ಷ ಔಷಧಿ ಇಟ್ಟಿಲ್ವಂತೆ ಅಂತ ನಾನೇ ಅಂದೆ.
ಬಿಟ್ಟೆ ನೋಡಿ ಗಾಡಿ, ಸೀದಾ ಹಾಸನಕ್ಕೆ.
ಜೀವ ಇದೆ ಸಾರ್. ಬಲಗೈದು ಎರಡು ಬೆರಳು ಹೋದ್ವು, ಅಷ್ಟೇ.
ಟೀ ಕಾಸು ಅವನೇ ಕೊಟ್ಟ.

ಹನ್ನೊಂದೂವರೆ ಆಯಿತು. ಪುಸ್ತಕ ಮುಗಿಸಬೇಕು.
ಬಂದವರಿಗೆ ಕಾಲಂ ಇದೆ, ಕೊಟ್ಟವರಿಗಿದೆ, ಕೊಡದೆ ಹೋದವರಿಗೂ ಇದೆ.
ನಿಲ್ಲಿಸದೆ ಹೋದವರನ್ನು ಎಲ್ಲಿ ಬರೆಯಲಿ?
ಬೋರ್ಡಿನ ಬಲ್ಬಿನ ಖರ್ಚಿನ ಪಕ್ಕ, ಪೆನ್ಸಿಲಿನಲ್ಲಿ,
ಎರಡು ಎಂದು ಬರೆದೆ.
ಆಡಿಟರು ಕೇಳಿದರೆ ಏನೋ ಒಂದು ಹೇಳಿದರಾಯಿತು.
ಹೊಸ ವರ್ಷದ ಹಾಳೆ ತಿರುವಿ
ಮೊದಲ ಸಾಲಿಗೇ ಸೀಸೆ, ಹತ್ತು, ಎಂದು ಹಾಕಿದೆ.
ಹಣ ಎಲ್ಲಿಂದ ಎಂಬಲ್ಲಿ ಏನೂ ಹಾಕಿಲ್ಲ.

ವಾರ್ಡಿನಲ್ಲಿ ರೆಜಿನಾ ಸಿಸ್ಟರ ಚಪ್ಪಲಿ ಸದ್ದು,
ಖಾಲಿ ಮಂಚಗಳ ನಡುವೆ ಆ ತುದಿಗೆ ಹೋಗಿ
ಮತ್ತೆ ಈ ಕಡೆ ಬರುತ್ತಿದೆ.