ಶೇಕಡ ಐದು

ಮೊದಲ ದಿನವೇ ಹೇಳಿದ್ದರು ನಮ್ಮ ಸಾಹೇಬರು,
ಶಿವಮೊಗ್ಗದ ಕಚೇರಿಯ ಫ್ಯಾನಿನ ಕೆಳಗೆ
ಹಾರುವ ಹಾಳೆಗಳ ಮೇಲೆ ಸ್ಟೇಪ್ಲರ್ ಇಡುತ್ತ:
"ಅಂದಾಜು ಅಂದರೆ ಸುಳ್ಳಲ್ಲಮ್ಮ,
ಸಹಿ ಹಾಕಿದ ಊಹೆ."

ಸುಳುಗೋಡು ಹಳ್ಳಕ್ಕೆ ಕಾಲುಸಂಕ.
ಉದ್ದ ಹದಿನೆಂಟು ಮೀಟರು, ಅಗಲ ಒಂದೂವರೆ.
ಸಿಮೆಂಟು, ಜಲ್ಲಿ, ಕಬ್ಬಿಣ, ಸೆಂಟ್ರಿಂಗು,
ಅಕ್ಟೋಬರಿನಲ್ಲಿ ಪಾಯ, ಡಿಸೆಂಬರಿಗೆ ಕಂಬ,
ಮಾರ್ಚ್ ಮೂವತ್ತೊಂದರೊಳಗೆ ಬಿಲ್ಲು.
ಕಡೆಯ ಸಾಲಿನಲ್ಲಿ, ಎಲ್ಲರೂ ಬರೆಯುವಂತೆ,
ಆಕಸ್ಮಿಕ ವೆಚ್ಚ ಶೇಕಡ ಐದು.
ಬಾರ್ ಚಾರ್ಟು ಎಷ್ಟು ನೀಟಾಗಿ ಬಂದಿತ್ತೆಂದರೆ
ಕಲರ್ ಪ್ರಿಂಟು ತೆಗೆಸಿ
ಹಾಸ್ಟೆಲಿನ ಗೋಡೆಗೂ ಒಂದು ಅಂಟಿಸಿಕೊಂಡಿದ್ದೆ.

ಮೊದಲ ಲಾರಿ ಹಳ್ಳಕ್ಕೆ ಎರಡು ಮೈಲಿ ಹಿಂದೆಯೇ ನಿಂತಿತು.
ಅಲ್ಲಿಂದಾಚೆ ರಸ್ತೆಯಲ್ಲ, ಗಾಡಿಜಾಡು,
ಜಾಡಿನ ನಡುವೆ ಮೊಣಕಾಲುದ್ದ ಹುಲ್ಲು.
ಗುತ್ತಿಗೆದಾರ ಲೋಬೋ ಚಾಳೀಸು ಏರಿಸಿ
ನನ್ನ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು:
"ಮುನ್ನೂರು ಚೀಲ ಸಿಮೆಂಟು ಬರೆದಿದ್ದೀರಿ ಮೇಡಂ.
ಹೊರುವ ಹೆಗಲು ಎಲ್ಲೂ ಕಾಣುವುದಿಲ್ಲ."

ತಲೆಹೊರೆಗೇ ಹೋಯಿತು ಶೇಕಡ ಮೂರು.

ಉಳಿದೆರಡನ್ನು ಸೆರಗಿನ ಗಂಟಿನಂತೆ ಹಿಡಿದು
ಪಾಯಕ್ಕೆ ಸುಣ್ಣದ ಗೆರೆ ಹಾಕಿಸಿದೆ.
ಮಾರನೆಯ ಬೆಳಿಗ್ಗೆ ಏಳಕ್ಕೆ ಸೈಟಿನಲ್ಲಿ ನಾನೊಬ್ಬಳೇ.
ಹಾರೆ, ಗುದ್ದಲಿ, ಬಾಣಲೆ ಮಗುಚಿಟ್ಟಲ್ಲೇ ಇವೆ.
ಎಂಟರ ಮೇಲೆ ಬಂದ ಮೇಸ್ತ್ರಿ ಗುತ್ಯಪ್ಪ,
ಮಿಂದ ತಲೆ, ಬಿಳಿ ಅಂಗಿ, ಬರಿಗಾಲು;
ಹಿಂದೆ ಹೆಂಡತಿ, ಅವಳ ತಲೆಯ ಮೇಲೆ
ಕೆಮ್ಮಣ್ಣು ಬಳಿದು ಬಿಳಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ.
"ಇವತ್ತು ಭೂಮಿ ಹುಣ್ಣಿಮೆ ಅಲ್ದಾ ಅಮ್ಮ.
ಬಸುರಿಗೆ ಬಯಕೆ ಉಣಿಸೋ ದಿನ
ಯಾರಾದ್ರೂ ಹಾರೆ ಹಾಕ್ತಾರಾ?"

ಕ್ಯಾಲೆಂಡರಿನಲ್ಲಿತ್ತು, ಸಣ್ಣಕ್ಷರದಲ್ಲಿ.
ಚಾರ್ಟಿನಲ್ಲಿರಲಿಲ್ಲ.

ಗದ್ದೆಯ ಬದುವಿನ ಮೇಲೆ ಎಲೆ ಹಾಕಿ ಕೂರಿಸಿದರು.
ಕೊಟ್ಟೆ ಕಡುಬು, ಬೆರಕೆ ಸೊಪ್ಪು.
ಸಿಟ್ಟು ಇಳಿಯದೆಯೇ ಎರಡನೆಯ ಕಡುಬಿಗೆ ಕೈ ಹಾಕಿ
ಮಾತಿಗೆಂದು ಕೇಳಿದೆ:
ಇಷ್ಟು ವರ್ಷ ಹೇಗೆ ದಾಟುತ್ತಿದ್ದಿರಿ?
ಗುತ್ಯಪ್ಪ ಬೆರಳು ಮಡಚಿದ:
"ಆರು ಮರ, ಎರಡು ಹೊರೆ ಬಳ್ಳಿ,
ಎಂಟು ಜನ, ಒಂದು ದಿನ, ಮಧ್ಯಾಹ್ನಕ್ಕೆ ಗಂಜಿ.
ಆಷಾಢದಲ್ಲಿ ಹಳ್ಳ ತಗೊಂಡು ಹೋಗ್ತದೆ.
ಅದಕ್ಕೇ ಈ ಸಲದ್ದು ಕಡಿಯುವಾಗಲೇ
ಬರೋ ಸಲದ ಆರು ಮರಕ್ಕೆ ಕಚ್ಚು ಹಾಕಿಟ್ಟಿರ್ತೀವಿ."

ಕೊಚ್ಚಿಹೋಗುವುದನ್ನು
ಮೊದಲ ಸಾಲಿನಲ್ಲೇ ಬರೆದ ಲೆಕ್ಕ.
ಕೈ ತೊಳೆಯುವುದನ್ನು ಮರೆತು ಕೂತಿದ್ದೆ.

ಮಾರ್ಚ್ ಮೂವತ್ತೊಂದು. ರಾತ್ರಿ ಹತ್ತೂವರೆಗೂ
ಖಜಾನೆಯ ದೀಪ ಉರಿಯುತ್ತಿತ್ತು;
ನಮ್ಮ ಸಂಕಕ್ಕಿನ್ನೂ ಪಕ್ಕದ ಕಂಬಿ ಕೂತಿರಲಿಲ್ಲ.
ಉಳಿದ ಹಣ ಬಂದ ದಾರಿಯಲ್ಲೇ ವಾಪಸು ಹೋಯಿತು,
ಅದಕ್ಕೆ ಮಾತ್ರ ತಲೆಹೊರೆ ಬೇಕಾಗಲಿಲ್ಲ.
ನನಗೊಂದು ಮೆಮೊ.
ಮೇ ತಿಂಗಳಲ್ಲಿ ಅದೇ ಹಣ
ಬೇರೆ ಲೆಕ್ಕಶೀರ್ಷಿಕೆಯ ಹೊಟ್ಟೆಯಲ್ಲಿ ಹುಟ್ಟಿಬಂತು.
ಜೂನ್ ಎರಡಕ್ಕೆ ಗುತ್ಯಪ್ಪನ ಮೊಮ್ಮಗಳು
ಚಪ್ಪಲಿ ಕೈಗೆ ತೆಗೆದುಕೊಳ್ಳದೆ ದಾಟಿದಳು.

ಕಚ್ಚು ಹಾಕಿದ ಆರು ಮರ
ಆಚೆ ದಡದಲ್ಲಿ ಹಾಗೇ ನಿಂತಿದ್ದವು.
ಇನ್ನು ಅವು ಯಾಕೆ? ಅಂದೆ.
"ಇರ್ಲಿ ಅಮ್ಮ. ಸಂಕ ನಿಮ್ದು,
ಹಳ್ಳ ಹಳೇದೇ ಅಲ್ವಾ?"

ಈಗ ಇನ್ನೊಂದು ಊರು, ಇನ್ನೊಂದು ಹಳ್ಳ.
ಹೊಸ ಹಾಳೆಯಲ್ಲಿ ಸಿಮೆಂಟಿಗಿಂತ ಮೊದಲು
ಹೆಗಲು ಬರೆದೆ.
ಅಕ್ಟೋಬರಿನ ಸಾಲಿಗೆ: ಬಯಕೆ, ಒಂದು ದಿನ, ಕೆಲಸವಿಲ್ಲ.
ಲೆಕ್ಕಪತ್ರ ವಿಭಾಗದ ಮುಕ್ತಾಬಾಯಿ
ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕಳಿಸಿದ್ದಾರೆ:
"ಬಯಕೆ ಎಂದರೇನು? ಯಾರದು? ಸಮಜಾಯಿಷಿ ನೀಡುವುದು."

ಉತ್ತರ ಇನ್ನೂ ಬರೆದಿಲ್ಲ.
ಅದಕ್ಕೂ ಎರಡು ದಿನ
ಮೊದಲೇ ಇಟ್ಟುಕೊಂಡಿದ್ದೇನೆ.