ನೂರ ಹದಿನೆಂಟು ಮೈಕ್ರಾನ್

ವಿಲ್ಸನ್ ಗಾರ್ಡನ್ನಿನ ಹತ್ತನೇ ಕ್ರಾಸಿನಲ್ಲಿ ನಮ್ಮ ಶೆಡ್ಡು.
ಒಂದೇ ಕಾರು ಹಿಡಿಸುತ್ತದೆ,
ಎರಡನೆಯದಕ್ಕೆ ಬೀದಿಯೇ ಗತಿ.

ಗಂಗಹನುಮಯ್ಯನವರು ತಂದದ್ದು ಕಪ್ಪು ಕಾರು.
ಬಿಳಿಯದು ಎಲ್ಲವನ್ನೂ ನುಂಗಿಕೊಳ್ಳುತ್ತದೆ,
ಕಪ್ಪು ಚಾಡಿ ಹೇಳುತ್ತದೆ.
"ಯಜಮಾನರು ಮಾರುತ್ತಾರಂತೆ, ಹೊಸದರ ಹಾಗೆ ಆಗಬೇಕಂತೆ"
ಅಂದರು, ಅಂತೆಗಳನ್ನು ಒಂದೊಂದಾಗಿ ಕೆಳಗಿಳಿಸಿ.

ತೊಳೆದೆ. ಜೇಡಿಯುಂಡೆ ಉಜ್ಜಿದೆ.
ಮೆಟ್ರೋ ಕಂಬದ ಸಿಮೆಂಟು, ಮಳೆಮರದ ಅಂಟು,
ಬೋರ್‌ವೆಲ್ ನೀರಿನ ಸುಣ್ಣದ ಬಳೆ
ಎಲ್ಲ ಬಂತು ಉಂಡೆಗೆ.
ಅಂಚಂಚಿಗೆ ನೀಲಿ ಟೇಪು:
ಬಣ್ಣ ಅಲ್ಲೇ ತೆಳು, ಮೊದಲು ಸುಡುವುದೂ ಅಲ್ಲೇ
ಎಂದು ಬಾಬಾಜಾನ್ ಉಸ್ತಾದರು
ಸ್ಪ್ಯಾನರಿನಿಂದ ಬೆರಳ ಗೆಣ್ಣಿಗೆ ಕುಟ್ಟಿ ಕಲಿಸಿದ್ದು.

ಮೀಟರು ಇಟ್ಟೆ: ನೂರ ಹದಿನೆಂಟು.
ಒಂದೂವರೆ ತಲೆಗೂದಲಿನಷ್ಟು ದಪ್ಪ.
ಅದರಲ್ಲೇ ಪ್ರೈಮರು, ಅದರಲ್ಲೇ ಕಪ್ಪು,
ಮೇಲೆ ಗಾಜಿನಂಥದ್ದೊಂದು ಪದರ.
ನನ್ನ ಪಾಲಿಗೆ ಅದರ ಮೇಲಿನ ಮೂರೋ ನಾಲ್ಕೋ,
ಮಿಕ್ಕದ್ದು ಮುಂದೆ ಬರುವವನಿಗೆ.

ಲೈಟು ಹಿಡಿದಾಗ ಕಂಡವು
ಬಾನೆಟ್ಟಿನ ತುಂಬ ಸುತ್ತು ಸುತ್ತು ಗೀರು.
ಒಂದು ರಾತ್ರಿಯ ಜೇಡನ ಕೆಲಸವಲ್ಲ.
ಹನ್ನೊಂದು ವರ್ಷ, ದಿನಾ ಬೆಳಿಗ್ಗೆ ಆರಕ್ಕೆ
ಒಣಬಟ್ಟೆಯಲ್ಲಿ ಧೂಳು ಒರೆಸಿದ ಕೈ.
ರೂಫಿನ ನಡುವೆ, ಗಿಡ್ಡ ಆಳಿಗೆ ಎಟುಕದ ಒಂದು ಮೊಳ ಜಾಗ
ಮಾತ್ರ ಶೋರೂಮಿನಿಂದ ಬಂದ ಹಾಗೇ ಇದೆ.

"ಇದೆಲ್ಲ ಯಾರು ಮಾಡಿದ್ದು?"
ನಿಜಕ್ಕೂ ಸಿಟ್ಟಾಗಿದ್ದರು ಗಂಗಹನುಮಯ್ಯ.
"ಒಂದು ದಿನ ತಪ್ಪಿಸಿಲ್ಲ ನಾನು. ಜ್ವರದಲ್ಲೂ ಒರೆಸಿದ್ದೀನಿ."
ಹಿಂಜೇಬಿನಲ್ಲಿ ಹಳದಿ ಬಟ್ಟೆಯ ತುದಿ.

ಮಿಷನ್ ಹಾಕಿದೆ.
ಆ ಸದ್ದಿನಲ್ಲಿ ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಹೆಸರುಕಾಳಿನಷ್ಟು ಕಾಂಪೌಂಡು, ನಾಲ್ಕು ಚುಕ್ಕೆ.
ಮೊದಲು ನಿಧಾನ ಹರಡಿ, ಆಮೇಲೆ ವೇಗ.
ತೋಳಿನ ಭಾರ ಬೇಡ, ಮಿಷನ್ನಿನದೇ ಸಾಕು.
ಅಡ್ಡ ನಾಲ್ಕು, ಉದ್ದ ನಾಲ್ಕು,
ನೆಲ ಸಾರಿಸುವವಳ ಕೈಯಂತೆ
ಹಿಂದಿನ ಪಟ್ಟಿಯ ಅರ್ಧ ತುಳಿದೇ ಮುಂದಿನದು.
ನಡುನಡುವೆ ಹಿಂಗೈ ಇಟ್ಟು ನೋಡಬೇಕು,
ಎಳೆಮಗುವಿನ ಸ್ನಾನದ ನೀರು ನೋಡಿದಂತೆ.

ಮಧ್ಯಾಹ್ನ ಕರೆಂಟು ಹೋಯಿತು.
ಅರ್ಧ ಬಾನೆಟ್ಟು ಕನ್ನಡಿ, ಅರ್ಧ ಅವರದು.
ಟೀ ಕುಡಿದೆವು. ಅವರ ಕಣ್ಣು ಟೇಪಿನ ಗೆರೆಯ ಮೇಲೇ,
ಈ ಕಡೆ, ಆ ಕಡೆ.
"ಬಟ್ಟೆಯಾ?" ಅಂದರು ಬಹಳ ಹೊತ್ತಿನ ಮೇಲೆ.
"ಧೂಳು" ಅಂದೆ.
ಸುಳ್ಳಲ್ಲ. ಬಟ್ಟೆ ಗೀರುವುದಿಲ್ಲ,
ಬಟ್ಟೆಯೊಳಗೆ ಕೂತ ಬೆಂಗಳೂರು ಗೀರುತ್ತದೆ.

ಏಳಕ್ಕೆ ಮುಗಿಯಿತು. ಮೀಟರು: ನೂರ ಹದಿನಾಲ್ಕು.
ಉಳಿದ ನಾಲ್ಕು ನನ್ನ ರೆಪ್ಪೆಯ ಮೇಲೆ, ಮೂಗಿನಲ್ಲಿ,
ಟೀ ಲೋಟದ ಅಂಚಿನಲ್ಲಿ.
ರೂಫಿನ ಆ ಒಂದು ಮೊಳವನ್ನು ನಾನೂ ಮುಟ್ಟಲಿಲ್ಲ.
ಬಾನೆಟ್ಟಿನೊಳಗೆ ಹತ್ತನೇ ಕ್ರಾಸು ಪೂರ್ತಿ ಇಳಿದಿತ್ತು,
ಇಸ್ತ್ರಿ ಗಾಡಿಯ ಕೆಂಡ ಸಮೇತ, ತಲೆಕೆಳಗಾಗಿ.

ದುಡ್ಡು ಎಣಿಸಿ ಕೊಟ್ಟರು. ಒಂದು ಸುತ್ತು ಬಂದರು.
ಕೈ ತಾನಾಗಿ ಹಿಂಜೇಬಿಗೆ ಹೋಗಿ
ಅಲ್ಲೇ ನಿಂತಿತು.
ಆಮೇಲೆ ಬಟ್ಟೆ ತೆಗೆದು
ತಮ್ಮ ಚಪ್ಪಲಿ ಒರೆಸಿಕೊಂಡರು, ಎರಡನ್ನೂ, ನಿಧಾನವಾಗಿ,
ಕಾರು ಹತ್ತಿದರು.

ರಿವರ್ಸ್ ತೆಗೆಯುವಾಗ ಕನ್ನಡಿ ನೋಡಲಿಲ್ಲ,
ಬಾನೆಟ್ಟನ್ನೇ ನೋಡುತ್ತಿದ್ದರು.
"ಹಿಂದೆ ಆಟೋ, ಹಿಂದೆ!"
ನಾನೇ ಕೂಗಬೇಕಾಯಿತು.