ಪೆನ್ಸಿಲ್ ಚುಕ್ಕೆ

ನಿನ್ನೆ ಸೀತಾಂಗೋಳಿಯಿಂದ ಮೂರು ಹುಡುಗರು ಬಂದಿದ್ದರು,
ಒಂದೇ ಬೈಕಿನಲ್ಲಿ, ಫೈಲು ಹಿಡಕೊಂಡು.
ಮೈದಾನಕ್ಕೆ ಸಿಮೆಂಟಿನ ಕಟ್ಟೆ ಆಗುತ್ತದಂತೆ,
ಅದಕ್ಕೊಂದು ಹೆಸರು ಬೇಕಂತೆ,
ಈ ಸೀಮೆ ಕಂಡ ಅತಿ ದೊಡ್ಡ ವೇಗದ ಬೌಲರನದ್ದು.
"ಮಾಸ್ಟ್ರೇ, ಸ್ಕೋರು ಬರೆದವರು ನೀವು. ಲೆಕ್ಕ ಹೇಳಿ."

ಲೆಕ್ಕ ಉಂಟು.
ಗೆದ್ದಲು ತಿಂದದ್ದು ಬಿಟ್ಟು ಹನ್ನೊಂದು ಪುಸ್ತಕ.
ಬೇಳದ ಪೌಲ್ ಕ್ರಾಸ್ತಾ: ಇನ್ನೂರ ಹನ್ನೆರಡು ವಿಕೆಟು,
ಒಂದೊಂದಕ್ಕೆ ಹನ್ನೊಂದು ರನ್ನು, ಮೇಲೆ ಚಿಲ್ಲರೆ.
ಕೊಯಿಪಾಡಿಯ ಅಂದುಂಞಿ: ತೊಂಬತ್ತಾರು,
ಒಂದೊಂದಕ್ಕೆ ಹತ್ತೊಂಬತ್ತು ಪಾಯಿಂಟ್ ನಾಲ್ಕು.
ಹುಡುಗ ಬರೆದುಕೊಂಡ, ಫೈಲು ಮುಚ್ಚಿದ.
ಚಾ ಬರಲಿ, ಕೂರು ಮಾರಾಯ, ಎಂದೆ.

ಆ ಪಾರೆ ನೀವು ನೋಡಿಲ್ಲ.
ಈಗ ಕಲ್ಲು ಕಡಿದು ಕಡಿದು ಹೊಂಡ,
ಮಳೆಗಾಲಕ್ಕೆ ಎಮ್ಮೆ ಈಜುವಷ್ಟು ನೀರು.
ಆಗ ಅದು ನಮ್ಮ ಪಿಚ್ಚು: ಮುರಕಲ್ಲಿನ ಮೇಲೆ ನಾರಿನ ಚಾಪೆ,
ಆರು ಮೊಳೆ, ಆರನೆಯದು ಯಾವಾಗಲೂ ಎದ್ದೇ ಇರುತ್ತಿತ್ತು.
ಮಧ್ಯಾಹ್ನ ಎರಡು ಕಳೆದರೆ ಪಡುವಣ ಗಾಳಿ.
ಗಾಳಿ ಬೆನ್ನಿಗೆ ಬೀಳುವ ಕಡೆ ಕ್ರಾಸ್ತಾನದ್ದು,
ಅವ ಹಿರಿಯ, ಚಾಪೆ ಕೊಡಿಸಿದ್ದು ಅವನ ಅಪ್ಪ.
ಎದುರುಗಾಳಿ ಅಂದುಂಞಿಗೆ.
ಒಂಬತ್ತು ವರ್ಷ.
ಪುಸ್ತಕದಲ್ಲಿ ಗಾಳಿಗೆ ಕಾಲಮ್ಮಿಲ್ಲ.

ಕ್ರಾಸ್ತಾ ಸಣ್ಣವನೆಂದು ನಾನು ಹೇಳಲಾರೆ.
ಅವನ ಯಾರ್ಕರಿಗೆ ಮುರಿದ ಸ್ಟಂಪಿನ ತುಂಡು
ಅಗೋ, ಬಾಗಿಲಿಗೆ ಅಡ್ಡ ಕೊಟ್ಟದ್ದು ಅದೇ.
ಆದರೆ ಆ ಇನ್ನೂರರಲ್ಲಿ ಎಂಬತ್ತು
ಶಾಲೆ ಮಕ್ಕಳ ಟೀಮಿನದ್ದು,
ಸೊಂಟದವರೆಗೆ ಪ್ಯಾಡು ಕಟ್ಟಿ ನಡೆಯಲಾಗದೆ ನಡೆದು ಬಂದವು.
ಅಂಥ ದಿನ ಅಂದುಂಞಿ ಕಡಪ್ಪುರದಲ್ಲಿ
ದೋಣಿಯಿಂದ ಬೂತಾಯಿ ಬುಟ್ಟಿ ಇಳಿಸುತ್ತಿದ್ದ.
ಮಂಗಳೂರಿನ ಬ್ಯಾಂಕಿನವರು ಬಂದರೆ ಮಾತ್ರ
ಸೈಕಲ್ ಕಳಿಸಿ ಅವನನ್ನು ಕರೆಸುವುದು.
ಬರಿಗಾಲು. ಚೆಂಡಿನ ಒಂದು ಬದಿಗೆ ಮೀನಿನ ಹೊಳಪು.
ಅಂಪೈರು ಮೂಸಿ ನೋಡಿ ಏನೂ ಹೇಳದೆ ಕೊಟ್ಟದ್ದುಂಟು.

ಒಂದು ರಂಜಾನಿನ ಮಧ್ಯಾಹ್ನ, ತುಟಿಗೆ ನೀರಿಲ್ಲ,
ಹದಿನಾಲ್ಕು ಓವರು, ಇಪ್ಪತ್ತೆರಡು ರನ್ನು,
ವಿಕೆಟು ಸೊನ್ನೆ.
ಆ ಸೊನ್ನೆ ನನ್ನ ಅಕ್ಷರ. ದುಂಡಗೆ, ಚಂದಕ್ಕೆ ಬರೆದಿದ್ದೇನೆ.
ಅವನಿಗೆ ಬ್ಯಾಟು ತಾಗಿಸಲಾಗದೆ ಹಸಿದವರು
ಈಚೆ ಬಂದು ಕ್ರಾಸ್ತಾನಿಗೆ ಬೀಸಿ ಬೀಸಿ ಔಟಾದರು.
ಏಳು ವಿಕೆಟು. ಬಿರಿಯಾನಿ ಕೊಡಿಸಿದ ಕ್ರಾಸ್ತಾ,
ನೋಂಪು ಬಿಡುವ ಹೊತ್ತಿಗೆ ಕಾದು ಕೊಡಿಸಿದ, ಅದನ್ನೂ ಹೇಳಬೇಕು.

ಮೇಲಿನ ಟೀಮಿಗೆ ಹೆಸರು ಕಳಿಸಿದೆ, ಎರಡು ಕಡೆಗೂ.
ಮಂಗಳೂರಿನವರು, ಹುಡುಗ ಒಳ್ಳೆಯವ, ಆದರೆ ಆಚೆಯವ, ಎಂದರು.
ತೆಂಕಿನವರು, ವಿಕೆಟು ಉಂಟು, ಆದರೆ ನಮ್ಮ ಲೀಗಿನದ್ದಲ್ಲ, ಎಂದರು.
ಅವನ ತೊಂಬತ್ತಾರು ವಿಕೆಟು
ಚಂದ್ರಗಿರಿ ಹೊಳೆಯನ್ನೂ ದಾಟಲಿಲ್ಲ,
ತಲಪಾಡಿಯ ಗೇಟನ್ನೂ.

ಇನ್ನು ಅಂಚು ನೋಡಿ, ಕನ್ನಡಕ ಇಲ್ಲದವರಿಗೆ ಕಾಣುತ್ತದೆ.
ಪೆನ್ಸಿಲಿನ ಚುಕ್ಕೆ, ಒಟ್ಟು ಹದಿನೇಳು.
ಅವನ ಚೆಂಡಿಗೆ ಸ್ಲಿಪ್ಪಿನಲ್ಲಿ ಬಿದ್ದ ಕ್ಯಾಚು.
ಆಮೇಲೆ ನೆನಪಿನಿಂದ ಇಟ್ಟದ್ದು, ರಾತ್ರಿ ಕೂತು.
ಅವನ್ನೂ ವಿಕೆಟೆಂದು ಕೂಡಿಸಿದರೆ ಹದಿನಾರೂವರೆಗೆ ಇಳಿಯುತ್ತದೆ.
ಹನ್ನೊಂದಕ್ಕೆ ಮುಟ್ಟುವುದಿಲ್ಲ.
ಕೂಡಿಸಿ ಕಳೆದು ಎಷ್ಟು ಸಲ ನೋಡಿದರೂ ಮುಟ್ಟುವುದಿಲ್ಲ.

"ಸ್ಲಿಪ್ಪಿನಲ್ಲಿ ಯಾರು ನಿಲ್ಲುತ್ತಿದ್ದದ್ದು ಮಾಸ್ಟ್ರೇ?"

ಚಾ ಬಂತು. ಗ್ಲಾಸು ಎಡಗೈಯಲ್ಲಿ ತೆಗೆದುಕೊಂಡೆ.
ಬಲಗೈಯ ಕಿರುಬೆರಳು ಮಡಚುವುದಿಲ್ಲ,
ಹದಿನೇಳನೆಯ ಚುಕ್ಕೆಯ ನಂತರ.
ಬ್ಯಾಟಿಗೆ ತಾಗಿದ್ದು ಕೇಳಿಸಿತ್ತು, ಚೆಂಡು ಕಂಡಿರಲಿಲ್ಲ.
ಅಂದುಂಞಿ ಓಡಿ ಬಂದು ನೋಡಿದ್ದು ಬೆರಳನ್ನು,
ಬಿದ್ದ ಚೆಂಡನ್ನಲ್ಲ.
ಮರುವಾರದಿಂದ ನನ್ನನ್ನು ಸ್ಕೋರಿಗೆ ಕೂರಿಸಿದರು.

ಶನಿವಾರ ಕಮಿಟಿ ಉಂಟು, ತಿಳಿಸುತ್ತೇವೆ, ಎಂದು ಎದ್ದರು.
ಫೈಲಿನಲ್ಲಿ ಹತ್ತೊಂಬತ್ತು ಪಾಯಿಂಟ್ ನಾಲ್ಕು ಹಾಗೆಯೇ ಇತ್ತು.
ಬೈಕು ಇಳಿಜಾರಿನಲ್ಲಿ ಮರೆಯಾಯಿತು.
ಗಂಟೆ ಎರಡೂ ಕಾಲು.
ಬಾಗಿಲ ಬುಡದಲ್ಲಿ ಕ್ರಾಸ್ತಾನ ಸ್ಟಂಪು
ಪಡುವಣದಿಂದ ಒಮ್ಮೆ ಅಲುಗಿತು.